ಜಾಯಿಕಾಯಿ ಬಾವುಟದ ದೇಶ

ಸೀಕಾಕಸ್ ಸ್ಟೇಷನ್ನಿನ ಬೆಂಚಿನಲ್ಲಿ ನಾನೂ ನಮ್ಮೆಜಮಾನರೂ ನ್ಯೂಯಾರ್ಕ್ ಟ್ರೈನಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಚೀಲದ ಮೇಲೆ ಪುಟ್ಟದೊಂದು ಬಾವುಟ, ಅದರ ಅಂಚಿನಲ್ಲಿ ಎಂಥದೋ ಕಾಯಿ. ಏನದು ಅಂತ ಕೇಳಿದೆ.

"ಜಾಯಿಕಾಯಿ. ನಮ್ಮ ಗ್ರೆನೇಡಾದ ಬೆಳೆ," ಅಂದಳು.

ಹೋಳಿಗೆ ಹೂರಣಕ್ಕೆ ಚಿಟಿಕೆಯಷ್ಟು ತುರಿದು ಹಾಕುವ ಕಾಯಿ ಒಂದು ದೇಶದ ಬಾವುಟದ ಮೇಲೆ! ನನ್ನ ಅಚ್ಚರಿ ಕಂಡು ಅವಳಿಗೆ ಹುರುಪು ಬಂತು. ಕೆರಿಬಿಯನ್ ಸಮುದ್ರದಲ್ಲಿ ತಮ್ಮದು ಪುಟ್ಟ ದ್ವೀಪ, ನಡುವೆ ಬೆಟ್ಟ, ಬೆಟ್ಟದ ಮೇಲೊಂದು ಕೆರೆ ಅಂತ ಗಾಳಿಯಲ್ಲೇ ಬೆರಳಾಡಿಸಿ ತೋರಿಸತೊಡಗಿದಳು.

ಇವರು ನನ್ನ ಕಡೆ ಬಾಗಿ ಕನ್ನಡದಲ್ಲಿ, "ದೇಶ ಅಂತೆ ಕಣೇ! ಅಷ್ಟೂ ಜನರನ್ನ ನಮ್ಮ ಜಯನಗರದಲ್ಲೇ ಕೂರಿಸಬಹುದು. ಇವರ ಪ್ರಧಾನಿ ಅಂದ್ರೆ ನಮ್ಮ ಕಾರ್ಪೊರೇಟರ್ ಇದ್ದ ಹಾಗೆ," ಅಂದರು. ನನಗೆ ಕಿಸಕ್ಕನೆ ನಗು ಬಂದುಬಿಟ್ಟಿತು.

ಅವಳ ಬೆರಳು ಅಲ್ಲೇ ನಿಂತಿತು. "ಏನಂದರು?"

"ನಿಮ್ಮ ದೇಶ ನೋಡಲೇಬೇಕಂತೆ," ಅಂದುಬಿಟ್ಟೆ.

ಅವಳ ಮುಖ ಅರಳಿತು. ಇವರ ಕೈ ಹಿಡಿದುಕೊಂಡು, "ಹೋಟೆಲ್ ಮಾತೇ ಬೇಡ, ನಮ್ಮಮ್ಮನ ಮನೇಲೇ ಇಳ್ಕೊಳ್ಳಿ. ಅಮ್ಮನಿಗೆ ಈಗಲೇ ಹೇಳ್ತೀನಿ," ಅಂತ ಫೋನ್ ತೆಗೆದಳು. ಇವರು "ಶ್ಯೂರ್, ಶ್ಯೂರ್" ಅನ್ನುತ್ತಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಟ್ರೈನ್ ಬಂತು. ಅವಳು ಮೊದಲು ಹತ್ತಿ, ಎದುರಿನ ಸೀಟಿಗೆ ಕೋಟು ಹಾಕಿ ನಮಗೆ ಜಾಗ ಹಿಡಿದು, ಕಿಟಕಿಯಿಂದ ಕೈಬೀಸಿ ಕರೆದಳು. ನಾನು ಕಾಣದವಳ ಹಾಗೆ ಇವರನ್ನು ಎಳೆದುಕೊಂಡು ಹಿಂದಿನ ಬೋಗಿ ಹತ್ತಿದೆ.