ಸೀಗಡಿ ಬೇಯುವಷ್ಟು ಹೊತ್ತು

ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಎಂದು. ಕತ್ತರಿ ಹಿಡಿಯುವ ಕೆಲಸವೇನಲ್ಲ ಅವಳದು. ಹೆಬ್ಬೆರಳ ಉಗುರಿನಲ್ಲೇ ಸೀಗಡಿಯ ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು ಅವಳು ಬುಟ್ಟಿಗೆ ಎಸೆಯುವ ಹೊತ್ತಿಗೆ ಪಕ್ಕದವಳು ಇನ್ನೂ ತಲೆ ಮುರಿಯುತ್ತಿರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸೇರಿದ ಕೆಲಸ. ಮಗಳು ಹುಟ್ಟಿ ಬೆಳೆದು ಅವಳ ಎತ್ತರಕ್ಕೆ ನಿಂತರೂ ಅದೇ ಸ್ಟೀಲ್ ಮೇಜು, ಅದೇ ಮಂಜುಗಡ್ಡೆಯ ನೀರು, ಮೊಣಕಾಲುದ್ದದ ಅದೇ ರಬ್ಬರ್ ಬೂಟು.

ಬಾಲ ತುಂಡಾದ, ನಡು ಹರಿದ ಸೀಗಡಿಗಳನ್ನು ಡಬ್ಬಿಗೆ ಹಾಕುವಂತಿರಲಿಲ್ಲ. ಅವನ್ನು ಕೆಲಸದವರು ಒಯ್ಯಬಹುದಿತ್ತು. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ದು ಕೈಯೂ ಸೀಗಡಿ, ಬಾಯೂ ಸೀಗಡಿ,” ಎಂದು ಅವಳು ನಗಾಡುತ್ತ ಪೊಟ್ಟಣ ಕಟ್ಟಿಕೊಳ್ಳುತ್ತಿದ್ದಳು.

ಗಂಡ ಪೀಠೋಪಕರಣದ ಗೋದಾಮಿನಲ್ಲಿ ರಾತ್ರಿ ಕಾವಲುಗಾರ. ಅವಳು ಸಂಜೆ ಮೂರು ಮಹಡಿ ಹತ್ತಿ ಮನೆಗೆ ಬರುವುದಕ್ಕೂ ಅವನು ಟೋಪಿ ಹಾಕಿಕೊಂಡು ಇಳಿಯುವುದಕ್ಕೂ ನಡುವೆ ಸಿಗುತ್ತಿದ್ದದ್ದು ಚೂರು ಹೊತ್ತು. ಮೂವರೂ ಒಟ್ಟಿಗೆ ಕೂತು ಉಣ್ಣುವುದೆಂದರೆ ಅಷ್ಟೇ. ಅದಕ್ಕೆ ತಕ್ಕ ಅಡುಗೆಯೊಂದನ್ನು ಅವಳು ರೂಢಿಸಿಕೊಂಡಿದ್ದಳು. ಚಪ್ಪಲಿ ಬಿಡುವ ಮೊದಲೇ ಅಗಲ ಬಾಣಲೆ ಒಲೆಗೇರುತ್ತಿತ್ತು. ಮಗಳು ಅಷ್ಟರಲ್ಲಿ ಬೀನ್ಸ್, ಕ್ಯಾರೆಟ್ಟು, ದಪ್ಪ ಮೆಣಸಿನಕಾಯಿ ಹೆಚ್ಚಿಟ್ಟಿರಬೇಕು. ದೊಡ್ಡ ಉರಿಯಲ್ಲಿ ಬೆಳ್ಳುಳ್ಳಿ ಚಟಪಟ ಅಂದ ಮೇಲೆ ತರಕಾರಿ, ತರಕಾರಿ ಅರ್ಧ ಬೆಂದಾಗ ಅದನ್ನು ಅಂಚಿಗೆ ಸರಿಸಿ ನಡುವೆ ಸೀಗಡಿ. ಬೂದು ಬಣ್ಣ ಕೆಂಪಾಗಿ, ನೆಟ್ಟಗಿದ್ದದ್ದು ಸುರುಳಿ ಸುತ್ತಿಕೊಳ್ಳುವಷ್ಟರಲ್ಲಿ ಇಳಿಸಬೇಕು. ಕಾಳುಮೆಣಸಿನ ಪುಡಿ, ಉಪ್ಪು, ಅರ್ಧ ನಿಂಬೆಹಣ್ಣು. “ಇನ್ನೊಂದು ಸಲ ಉಸಿರು ಬಿಟ್ರೆ ರಬ್ಬರ್ ಆಗುತ್ತೆ, ತಟ್ಟೆ ತಗೊಂಡು ಬಾ,” ಎನ್ನುತ್ತಿದ್ದಳು ಮಗಳಿಗೆ. ಗಂಡ ಬೆರಳು ನೆಕ್ಕುತ್ತ, “ನಿನ್ನ ಅಡುಗೆ ಉಂಡು ಹೋದ್ರೆ ಕಳ್ಳರೂ ನನ್ನ ವಾಸನೆ ಹಿಡಿದು ದೂರ ಓಡ್ತಾರೆ,” ಎನ್ನುತ್ತಿದ್ದ. ದಿನವೂ ಅದೇ ಹಾಸ್ಯ, ದಿನವೂ ಮೂವರಿಗೂ ನಗು.

ಮೊದಲು ಬಂದದ್ದು ಕೆಮ್ಮು. ಥಂಡಿ ನೀರಿನದು ಅಂದುಕೊಂಡಳು. ಆಮೇಲೆ ಕಣ್ಣು ಉರಿ, ಮಣಿಕಟ್ಟಿನ ಮೇಲೆ ದದ್ದು. ರಜೆಯ ದಿನ ಎಲ್ಲ ಮಾಯ, ಶೆಡ್ಡಿಗೆ ಕಾಲಿಟ್ಟರೆ ಮತ್ತೆ ಹಾಜರು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡಳೇ ಹೊರತು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಬಿಟ್ಟರೆ ಕೆಮ್ಮು ಹೋಗದು; ಬಾಯಲ್ಲಿಟ್ಟ ಬಿಸಿತುಪ್ಪ.

ಒಂದು ಸಂಜೆ ಎಂದಿನಂತೆ ತರಕಾರಿ ಸರಿಸಿ ಸೀಗಡಿ ಸುರಿದಳು. ಆವಿ ಭುಸ್ಸೆಂದು ಮುಖಕ್ಕೆ ಎದ್ದಿತು. ಎದೆಯೊಳಗೆ ಯಾರೋ ಬಾಗಿಲು ಹಾಕಿಕೊಂಡಂತಾಯಿತು. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸೌಟು ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ತುಟಿ ನೀಲಿಗಟ್ಟಿತ್ತು. ಗಂಡ ಅವಳನ್ನು ಹೊತ್ತುಕೊಂಡು ಮೆಟ್ಟಿಲಿಳಿದ. ಒಲೆ ಆರಿಸುವುದನ್ನು ಮರೆತ ಮಗಳು ಅರ್ಧ ದಾರಿಯಿಂದ ವಾಪಸ್ ಓಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ತಾಳ್ಮೆಯಿಂದಲೇ ಹೇಳಿದರು. “ಇಷ್ಟು ವರ್ಷ ಆ ಗಾಳಿ ಕುಡಿದು ಕುಡಿದು ನಿಮ್ಮ ಮೈ ಸೀಗಡಿ ಮೇಲೆ ತಿರುಗಿ ಬಿದ್ದಿದೆ. ಆ ಕೆಲಸ ಬಿಡಿ. ತಿನ್ನೋದು ಬಿಡಿ. ಬೇಯೋ ಕಡೆ ನಿಲ್ಲಲೂಬೇಡಿ.”

“ವಾಸಿ ಆಗಲ್ವಾ?”

“ದೂರ ಇದ್ರೆ ಹೆಚ್ಚಾಗಲ್ಲ.”

ಶೆಡ್ಡಿನಲ್ಲಿ ಮೇಲ್ವಿಚಾರಕಿ ಅವಳ ಕೈ ಹಿಡಿದು ಮರುಗಿದಳು. ಬೂಟು ವಾಪಸ್ ತೆಗೆದುಕೊಂಡಳು.

ಬೇರೆ ಕೆಲಸಕ್ಕೆ ಅಲೆಯದೆ ಇರಲಿಲ್ಲ. ಲಾಂಡ್ರಿಯಲ್ಲಿ ಬ್ಲೀಚಿನ ಘಾಟು ಎರಡನೆಯ ದಿನವೇ ಎದೆ ಹಿಂಡಿತು. ಹಾಸ್ಟೆಲಿನ ಪಾತ್ರೆ ತೊಳೆಯುವ ಕಡೆ ಮೆಟ್ಟಿಲು ಹತ್ತಿಳಿಯಲು ಆಗಲಿಲ್ಲ. ಕೆಟ್ಟ ಶ್ವಾಸಕೋಶಕ್ಕೆ ಯಾವ ಗಾಳಿಯೂ ಹಗೆಯೇ. ಕಡೆಗೆ ಮನೆಯಲ್ಲಿ ಕುಳಿತಳು. ಬಾಣಲೆಯಲ್ಲಿ ಬರೀ ತರಕಾರಿ ಬೇಯತೊಡಗಿತು. ಗಂಡ ಅದನ್ನೇ ಉಂಡು ಹೋಗುತ್ತಿದ್ದ. ಕಳ್ಳರ ಹಾಸ್ಯ ತಾನಾಗಿಯೇ ನಿಂತುಹೋಯಿತು.

ಮಗಳು ಆಗ ಬ್ಯೂಟಿ ಪಾರ್ಲರೊಂದರಲ್ಲಿ ಕೆಲಸ ಕಲಿಯುತ್ತಿದ್ದಳು. ಕೂದಲು ಕತ್ತರಿಸುವುದೆಂದರೆ ಅವಳಿಗೆ ಜೀವ. ಅಪ್ಪನ ತಲೆ, ಕೆಳಮನೆಯ ಮಕ್ಕಳ ತಲೆ, ಸಿಕ್ಕಿದ್ದೆಲ್ಲ ಅವಳ ಕೈಗೆ ಅಭ್ಯಾಸದ ಸಾಮಾನು. ದಿನಾ ಬೆಳಿಗ್ಗೆ ಕುಂಚ, ಬಾಚಣಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು.

ಒಂದು ಸಂಜೆ ಅವಳು ಬಂದು ಪಕ್ಕದಲ್ಲಿ ಕುಳಿತಾಗ ತಾಯಿಗೆ ನಿಂಬೆಹಣ್ಣಿನ ವಾಸನೆ ಬಂತು. ಶಾಂಪೂವಿನದಲ್ಲ, ಶೆಡ್ಡಿನವರು ಸೀಗಡಿಯ ನಾತ ಕಳೆಯಲು ಕೈಗೆ ಉಜ್ಜುವ ಹಸಿ ನಿಂಬೆಯದು. ಅವಳು ಮಗಳ ಕೈ ಎಳೆದು ನೋಡಿದಳು. ಬೆರಳ ತುದಿ ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿತ್ತು. ಹೆಬ್ಬೆರಳ ಉಗುರಿನ ಬುಡದಲ್ಲಿ ಸಿಪ್ಪೆ ಚುಚ್ಚಿದ ಗಾಯ.

“ಯಾವಾಗಿಂದ?”

“ಹೋದ ತಿಂಗಳು.” ಮಗಳು ಕೈ ಬಿಡಿಸಿಕೊಳ್ಳಲಿಲ್ಲ. “ಪಾರ್ಲರಲ್ಲಿ ಕಲಿಯೋವರೆಗೂ ಏನೂ ಕೊಡಲ್ಲ ಅಮ್ಮ. ಅಪ್ಪ ಹಗಲೂ ಡ್ಯೂಟಿ ಕೇಳ್ತಿದ್ರು, ಗೊತ್ತಾ ನಿಂಗೆ?”

“ಡಾಕ್ಟರು ಏನಂದ್ರು ಅಂತ ನೀನೂ ಕೇಳಿಸ್ಕೊಂಡೆ.”

“ಎಲ್ಲರಿಗೂ ಬರಲ್ವಂತೆ.”

“ನಂಗೆ ಬಂತಲ್ಲ. ನನ್ನ ರಕ್ತ ತಾನೆ ನಿಂದು?”

“ಮತ್ತೆ ಬೇರೆ ಏನಿದೆ, ಹೇಳು. ನೀನೇ ಹೇಳು, ನಾಳೆಯಿಂದ ಅಲ್ಲಿಗೇ ಹೋಗ್ತೀನಿ.”

ಲಾಂಡ್ರಿ, ಹಾಸ್ಟೆಲ್ಲು, ಗೋದಾಮು ಎಲ್ಲ ತಾಯಿಯ ಮನಸ್ಸಿನಲ್ಲಿ ಒಂದು ಸುತ್ತು ಬಂದವು. ಬಾಚಣಿಗೆಯ ಚೀಲ ಬಾಗಿಲ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ತಿಂಗಳು ಮಗಳು ಅದನ್ನು ಸುಮ್ಮನೆ ಹೊತ್ತುಕೊಂಡು ಹೋಗಿ ಬಂದಿದ್ದಳು.

“ಯಾವ ಮೇಜು?”

“ನಿಂದೇ. ಕಿಟಕಿ ಪಕ್ಕದ್ದು.” ಮಗಳು ಹೇಳಿದಳು, “ಮೇಲ್ವಿಚಾರಕಿ ಅಂದ್ರು, ತಾಯಿ ಕೈ ಮಗಳಿಗೂ ಬಂದಿದೆ ಅಂತ.”

ತಾಯಿಯ ಮುಖದ ಮೇಲೆ ಹೆಮ್ಮೆ ಹಾದುಹೋಯಿತು. ಅವಳಿಗೇ ತಿಳಿಯುವ ಮೊದಲು ಬಂದು ಹೋಯಿತು. ತಿಳಿದ ಮೇಲೆ ಎದ್ದು ಹೋಗಿ, ನಲ್ಲಿ ಜೋರಾಗಿ ಬಿಟ್ಟು, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಮರುದಿನ ಬೆಳಿಗ್ಗೆ ಹಳೆಯ ಹತ್ತಿ ಸೀರೆ ಹರಿದು ನಾಲ್ಕು ಮಡಿಕೆಯ ಮೂಗುಬಟ್ಟೆ ಹೊಲಿದು ಕೊಟ್ಟಳು. “ಒದ್ದೆಯಾದ ತಕ್ಷಣ ಬದಲಾಯಿಸು. ಅಲ್ಲಿ ಸೀಗಡಿ ಬೇಯಿಸೋ ಕಡೆ ಹೋಗಬೇಡ, ಕರೆದ್ರೂ ಹೋಗಬೇಡ.” ತಾನೂ ಅಂಥದ್ದೇ ಬಟ್ಟೆ ಕಟ್ಟಿಕೊಂಡಿದ್ದವಳು. ಅದರಿಂದ ಏನಾಯಿತೆಂದು ಇಬ್ಬರಿಗೂ ಗೊತ್ತಿತ್ತು. ಮಗಳು ಅದನ್ನು ಜೇಬಿಗೆ ಹಾಕಿಕೊಂಡು ಹೊರಟಳು.

ಬಚ್ಚಿಡುವುದು ಮುಗಿದ ಮೇಲೆ ಸೀಗಡಿಯ ಪೊಟ್ಟಣವೂ ಮನೆಗೆ ಬಂತು. ಅದನ್ನು ಕಂಡು ಗಂಡನ ಕಣ್ಣು ಒಂದು ಗಳಿಗೆ ಅರಳಿತು, ಹೆಂಡತಿಯ ಕಡೆ ತಿರುಗಿ ಬಾಡಿತು. “ಬೇಡ, ಯಾರಿಗಾದ್ರೂ ಕೊಟ್ಬಿಡು,” ಎಂದ.

“ಯಾಕೆ ಕೊಡ್ಬೇಕು? ರಾತ್ರಿಯೆಲ್ಲ ನಿಲ್ಲೋ ಮನುಷ್ಯ, ಬೀನ್ಸ್ ತಿಂದು ನಿಲ್ತೀರಾ?” ಎಂದು ಅವಳು ತನ್ನ ಪಾಲಿನ ತರಕಾರಿಯನ್ನು ಬೇರೆಯಾಗಿ ಬೇಯಿಸಿಕೊಂಡು, ತಟ್ಟೆ ಹಿಡಿದು ಮೆಟ್ಟಿಲಿಗೆ ಹೋಗಿ ಕುಳಿತಳು. ಮಗಳು ಒಳಗಿನಿಂದ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿದಳು.

ಎಣ್ಣೆಗೆ ಬೆಳ್ಳುಳ್ಳಿ ಬಿದ್ದದ್ದು ಕೇಳಿಸಿತು. ಉರಿ ಸಾಲದು ಎಂದು ಸದ್ದಿನಲ್ಲೇ ಗೊತ್ತಾಯಿತು. ಸೀಗಡಿ ಬಿದ್ದ ಮೇಲೆ ಇಳಿಸುವ ಹೊತ್ತು ಬಂತು, ದಾಟಿಯೂ ಹೋಯಿತು. ಇಳಿಸು ಎಂದು ಕೂಗಬಹುದಿತ್ತು. ಕೂಗುವುದಕ್ಕೆ ಆಳವಾಗಿ ಉಸಿರೆಳೆಯಬೇಕಿತ್ತು.

ಗಂಡ ಟೋಪಿ ಕೈಯಲ್ಲಿ ಹಿಡಿದು ಹೊರಬಂದು, ಬಾಗಿಲನ್ನು ಬೇಗ ಎಳೆದುಕೊಂಡ.

“ಹೇಗಿತ್ತು?”

“ಚೆನ್ನಾಗೇ ಮಾಡಿದ್ದಾಳೆ. ಸ್ವಲ್ಪ ಗಟ್ಟಿ.” ಅವಳ ಭುಜ ಮುಟ್ಟಲು ಬಂದವನು ಬೆರಳು ಮೂಸಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಗೋಡೆಯ ಕಡೆ ಒತ್ತಿಕೊಂಡು ಇಳಿದುಹೋದ.

ಒಳಗೆ ಮಗಳು ಕಿಟಕಿಗಳನ್ನೆಲ್ಲ ತೆಗೆದು ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದಳು. “ಈಗ್ಲೇ ಬರ್ಬೇಡ ಅಮ್ಮ, ಇನ್ನೂ ವಾಸನೆ ಇದೆ,” ಎಂದಳು. ಮೇಲಿನ ಮನೆಯವರು ಸಾಮಾನಿನ ಚೀಲ ಹೊತ್ತು ಮೆಟ್ಟಿಲೇರಿ ಬಂದರು. ಅವಳು ಮೊಣಕಾಲು ಮಡಚಿಕೊಂಡು ದಾರಿ ಬಿಟ್ಟಳು. ತಟ್ಟೆಯಲ್ಲಿದ್ದ ಕ್ಯಾರೆಟ್ಟು ತಣ್ಣಗಾಗಿತ್ತು. ಅದನ್ನೇ ಒಂದೊಂದಾಗಿ ಎತ್ತಿ ತಿಂದಳು.