ಸೋಗಿನ ಬಂಡಿಯ ರಾಕ್ಷಸಿ

ಹೋದ ತಿಂಗಳು ಬೆಳ್ಳಟ್ಟಿಗೆ ಹೊಲ ಹರಗಲು ಟ್ರ್ಯಾಕ್ಟರ್ ಒಯ್ದಿದ್ದೆ. ಮಧ್ಯಾಹ್ನ ಕುಡಿಯಲು ನೀರು ಕೇಳೋಣವೆಂದು ಕಂಬಳಿ ನೇಯುವವರ ಮನೆಯ ಮುಂದೆ ನಿಂತೆ. ಅಂಗಳದ ಒಲೆಯ ಮೇಲೆ ಹುಣಸೆ ಬೀಜದ ಸರಿ ಕುದಿಯುತ್ತಿತ್ತು. ನೂಲಿಗೆ ಬಳಿಯುವ ಅಂಟು ಅದು. ಹುರಿದ ಬೀಜದ ಒಗರು, ತಳ ಹಿಡಿದ ಗಂಜಿಯ ಕಮಟು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಲಿಗಿ ಅತ್ತಿ ನೆನಪಾದಳು. ಮನೆಯಾಕೆ ತಂಬಿಗೆ ಹಿಡಿದುಕೊಂಡು ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲ.

ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧದಲ್ಲಿ ಅತ್ತೆಯೇನಲ್ಲ; ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಗಂಡ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ಒಬ್ಬಳೇ ಮಗಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಅವಳ ಯಂತ್ರಕ್ಕೆ ಬೇರೆ ಕೆಲಸವಿರುತ್ತಿರಲಿಲ್ಲ. ಬಣ್ಣದ ದಿನ ಓಣಿಗೊಂದರಂತೆ ಸೋಗಿನ ಬಂಡಿಗಳು ಹೊರಡುತ್ತಿದ್ದವು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಒಬ್ಬರು ಕಾಡು ಕಟ್ಟಿದರೆ ಇನ್ನೊಬ್ಬರು ಕೋಟೆ ಕಟ್ಟುವರು. ಮುಖವಾಡ ಹಾಕಿದ ಗಂಡಸರು ಹಲಗೆಯ ಸದ್ದಿಗೆ ಕುಣಿಯುತ್ತ ಊರು ಸುತ್ತುವರು. ನಮ್ಮ ಓಣಿಯ ಬಂಡಿಯ ಬಟ್ಟೆ, ಮುಖವಾಡ ಎಲ್ಲ ಅತ್ತಿಯದೇ. ಹಳೆಯ ಕಾಗದವನ್ನು ಹುಣಸೆ ಬೀಜದ ಅಂಟಿನಲ್ಲಿ ಪದರು ಪದರಾಗಿ ಹಚ್ಚಿ ಒಣಗಿಸಿ ಬಣ್ಣ ಬಳಿಯುತ್ತಿದ್ದಳು. ಬಂಡಿ ಎಳೆಯುವುದು ನಮ್ಮ ಟ್ರ್ಯಾಕ್ಟರ್, ಓಡಿಸುವವನು ನಾನು.

ಸೋಗಿಗೆ ಒಂದು ಕಟ್ಟಳೆ ಇತ್ತು. ಸೋಗು ಹಾಕಿದವರು ಯಾವ ಮನೆಯೊಳಗಾದರೂ ನುಗ್ಗಬಹುದು, ಅಡುಗೆ ಮನೆಯಿಂದ ಹೋಳಿಗೆ ಕಸಿದುಕೊಂಡು ಬರಬಹುದು. ಯಾರೂ ಹೆಸರು ಕೇಳುವಂತಿಲ್ಲ, ಮುಖವಾಡ ಮುಟ್ಟುವಂತಿಲ್ಲ. ಹೆಂಗಸರು ಮಾತ್ರ ಬಂಡಿ ಹತ್ತುವಂತಿಲ್ಲ.

ಆ ವರ್ಷ ನಮ್ಮದು ರಾಕ್ಷಸಿಯ ಮದುವೆಯ ಸೋಗು. ಕೋರೆಹಲ್ಲಿನ ಮದುಮಗಳು, ಕತ್ತೆಯ ಮುಖದ ಮದುಮಗ. ಊರೆಲ್ಲ ನಗಬೇಕಾದ ಸೋಗು. ಆದರೆ ಅದನ್ನು ಹೊಲಿಯುವಾಗ ಅತ್ತಿ ಒಂದು ದಿನವೂ ನಕ್ಕಿರಲಿಲ್ಲ.

ಕಾರಣ ಓಣಿಗೆಲ್ಲ ಗೊತ್ತಿತ್ತು. ಮಗಳನ್ನು ಅದೇ ಊರಿನ ಪೇಟೆಯ ಕಡೆ ಒಂದು ದೊಡ್ಡ ಮನೆಗೆ ಕೊಟ್ಟಿದ್ದಳು. ಅಳಿಯ ಕೆಲಸಕ್ಕೆಂದು ಗೋವಾಕ್ಕೆ ಹೋದವನು ಅಲ್ಲಿಯೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಸುದ್ದಿ ಕೇಳಿ ಮಗಳು ತವರಿಗೆ ಹೊರಟು ನಿಂತಳು. ಆ ಮನೆಯಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಸೊಸೆ ಮನೆ ಬಿಟ್ಟ ಮಾತು ಹೊರಬಿದ್ದರೆ ಸಂಬಂಧ ಮುರಿದೀತೆಂದು ಹೆದರಿ, ಮದುವೆ ಮುಗಿಯುವ ತನಕ ಅವಳನ್ನು ಹಿತ್ತಲ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ಫೋನ್ ಕಿತ್ತುಕೊಂಡರು. ಅತ್ತಿ ಹೋದಾಗಲೆಲ್ಲ ಬೀಗತಿ ಬಾಗಿಲಲ್ಲೇ ತಡೆದು, "ಮೈಯಾಗ ಹುಷಾರಿಲ್ಲ, ಮಲಗ್ಯಾಳ" ಎನ್ನುತ್ತಿದ್ದಳು. ಊರ ಹಿರಿಯರು, "ಒಂದೀಟು ತಡಕೋ, ಮದಿವಿ ಒಂದ್ ಆಗ್ಲಿ" ಎಂದು ಸಮಾಧಾನ ಹೇಳಿದರು. ಅತ್ತಿಯ ದೂರಿನ ಮೇಲೆ ಪೊಲೀಸರು ಬಂದಾಗ ಆ ಮನೆಯವರು ಸೊಸೆ ಊರಲ್ಲೇ ಇಲ್ಲವೆಂದು ಹೇಳಿ ಕಳಿಸಿದರು. ಮಗಳು ಅನ್ನ ಬಿಟ್ಟಿದ್ದಾಳೆಂದು ಆ ಮನೆಯ ಪಾತ್ರೆ ತಿಕ್ಕುವಾಕೆ ಅತ್ತಿಯ ಕಿವಿಯಲ್ಲಿ ಹೇಳಿ ಹೋಗಿದ್ದಳು...

ಬಣ್ಣದ ದಿನ ಬೆಳಿಗ್ಗೆ ನಾನು ಟ್ರೇಲರಿಗೆ ಬಾಳೆಕಂಬ ಕಟ್ಟುತ್ತಿದ್ದೆ. ಅತ್ತಿ ಬಂದು ಹತ್ತಿರ ನಿಂತಳು.

"ತಮ್ಮಾ, ಇವತ್ತ ರಾಕ್ಷಸಿ ಸೋಗು ನಾ ಹಾಕ್ಕೋತೀನಿ."

"ಅತ್ತಿ, ಹೆಣ್ಮಕ್ಕಳು ಬಂಡಿ ಹತ್ತಂಗಿಲ್ಲಲ್ಲ."

"ಮುಖವಾಡದ ಒಳಗ ಯಾರು ಅದಾರಂತ ಯಾರಿಗೆ ಗೊತ್ತಾಗ್ತೈತಿ? ನೀ ಒಂದ ಕೆಲಸ ಮಾಡು. ಬೀಗರ ಮನಿ ಮುಂದ ಗಾಡಿ ನಿಂದ್ರಸು. ಇಂಜಿನ್ ಆರಿಸಬ್ಯಾಡ. ರಾಕ್ಷಸಿ ಹೊರಗ ಬಂದು ಹತ್ತಿದ ಕೂಡ್ಲೆ ಹೊಂಡು."

"ನಿನ್ನ ಮಗಳು?"

ಅವಳು ನನ್ನ ತೋಳು ಹಿಡಿದುಕೊಂಡಳು.

ರಾಕ್ಷಸಿಯಾಗಬೇಕಿದ್ದವನು ನಮ್ಮ ಓಣಿಯ ಹಿಟ್ಟಿನ ಗಿರಣಿಯವನು. ನಾವಿಬ್ಬರೂ ಹೋಗಿ ಅವನಿಗೆ ಹೇಳಿದೆವು. ಅವನು ಕತ್ತೆಯ ಮುಖವಾಡ ಎತ್ತಿಕೊಂಡು, "ನಾ ಮದುಮಗ ಆಕ್ಕೀನಿ, ನಡೀರಿ" ಎಂದ.

ಮಧ್ಯಾಹ್ನ ಬಂಡಿಗಳು ಸಾಲಾಗಿ ಹೊರಟವು. ಬಿಸಿಲು, ಗುಲಾಲು, ಹಲಗೆ, ಕೇಕೆ. ಟ್ರೇಲರ್ ಮೇಲೆ ಪಾದದ ತನಕ ಕರಿ ನಿಲುವಂಗಿ ತೊಟ್ಟು, ನಾರಿನ ಜಡೆ ಬಿಟ್ಟು, ಕೆಂಪು ನಾಲಿಗೆ ಚಾಚಿದ ರಾಕ್ಷಸಿ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾತ್ರ ಹಿಂದೆ ತಿರುಗಿ ನೋಡದೆ ಗಾಡಿ ಓಡಿಸಿದೆ.

ಬೀಗರ ಮನೆಯ ಮುಂದೆ ಬ್ರೇಕ್ ಹಾಕಿದೆ. ನಾದಿನಿಯ ಗಂಡಿನ ಕಡೆಯವರು ಹಬ್ಬಕ್ಕೆ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಬೀಗತಿ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ರಾಕ್ಷಸಿ ಇಳಿದು ಎರಡು ಸುತ್ತು ಕುಣಿದು, ಹೋ ಎಂದು ಕೂಗುತ್ತ ಒಳಗೆ ನುಗ್ಗಿತು.

"ಏ, ಒಳಗ ಬ್ಯಾಡೋ! ಇಲ್ಲೇ ಕೊಡ್ತೀನಿ ತಡಿ!" ಬೀಗತಿ ಕೂಗಿದಳು. ಪಡಸಾಲೆಯಲ್ಲಿದ್ದ ನೆಂಟರು ನಕ್ಕು, "ಹೋಗ್ಲಿ ಬಿಡ್ರೀ, ವರ್ಷಕ್ಕೊಮ್ಮಿ" ಎಂದರು. ನೆಂಟರ ಎದುರಿಗೆ ಅವಳು ಹಿಂದೆ ಓಡುವಂತಿರಲಿಲ್ಲ.

ನಾನು ಕ್ಲಚ್ ತುಳಿದುಕೊಂಡೇ ಕುಳಿತೆ. ಹಿಂದಿನ ಬಂಡಿಯವರು ಹಾರ್ನ್ ಹೊಡೆಯತೊಡಗಿದರು. "ಮುಂದ ತಗೀಲೇ, ಏನ್ ನಿಂತೀ!" ಹೋಳಿಗೆ ಕಸಿಯಲು ಅಷ್ಟು ಹೊತ್ತು ಬೇಕೆ? ಅಷ್ಟರಲ್ಲಿ ಆ ಮನೆಯ ಹಿರಿಯ ಮಗ, ಅಳಿಯನ ಅಣ್ಣ, ಬಂದು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೈಯಿಟ್ಟ.

"ಯಾಂವಲೇ ಒಳಗ ಹೋದಾಂವ?"

"ಹೆಸರು ಹೇಳಂಗಿಲ್ಲಲ್ರೀ ಅಣ್ಣಾರ."

"ಗಿರಣಿಯಾಂವೇನು?"

ನಾನು ಹೂಂ ಎಂದುಬಿಟ್ಟೆ. ಆ ಹೊತ್ತಿಗೇ ಹಲಗೆಯವನು ತಾಳ ತಪ್ಪಿಸಿದ. ಟ್ರೇಲರ್ ಮೇಲಿನ ಕತ್ತೆ ಅಭ್ಯಾಸ ಬಲದಿಂದ ಗದರಿತು: "ಸರಿಯಾಗಿ ಬಾರಸಲೇ!" ಗಿರಣಿಯವನ ಗೊಗ್ಗರು ದನಿ ಊರಿಗೆಲ್ಲ ಪರಿಚಿತ. ಹಿರಿಯ ಮಗ ತಲೆಯೆತ್ತಿ ಕತ್ತೆಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಬಾಗಿಲ ಕಡೆ ತಿರುಗಿದ.

ಬಾಗಿಲಲ್ಲಿ ರಾಕ್ಷಸಿ ನಿಂತಿತ್ತು.

ನಿಲುವಂಗಿ ಈಗ ನೆಲಕ್ಕೆ ಎಳೆಯುತ್ತಿತ್ತು. ಮೆಟ್ಟಿಲು ಇಳಿಯಲು ಅಂಚು ಎತ್ತಿದಾಗ ಕಾಲುಂಗುರ ಕಂಡವು. ಅತ್ತಿಯ ಕಾಲಲ್ಲಿ ಉಂಗುರ ಇರಲಿಲ್ಲ, ಅವಳು ಅದನ್ನು ತೆಗೆದು ಎಷ್ಟೋ ವರ್ಷವಾಗಿತ್ತು... ಹಿರಿಯ ಮಗ ಆ ಕಡೆ ಒಂದು ಹೆಜ್ಜೆ ಇಟ್ಟ. ಕತ್ತೆ ಟ್ರೇಲರಿನಿಂದ ಧುಮುಕಿ, "ಹೋಳಿ ಹುಣ್ಣಿಮಿರೀ ಅಣ್ಣಾರ!" ಎಂದು ಎರಡು ಮುಷ್ಟಿ ಗುಲಾಲು ಅವನ ಕಣ್ಣಿಗೇ ಎರಚಿ, ರಾಕ್ಷಸಿಯನ್ನು ಎತ್ತಿ ಬಂಡಿಗೆ ಹಾಕಿತು. ನಾನು ಕ್ಲಚ್ ಬಿಟ್ಟೆ.

ಬಿಟ್ಟರೂ ಓಡುವುದು ಎಲ್ಲಿಗೆ? ಮುಂದೆ ಬಂಡಿ, ಹಿಂದೆ ಬಂಡಿ, ಎರಡೂ ಮಗ್ಗುಲಿಗೆ ಜನ. ಇಡೀ ಪೇಟೆಯನ್ನು ಎತ್ತಿನ ನಡಿಗೆಯಲ್ಲಿ ದಾಟಬೇಕಿತ್ತು. ರಾಕ್ಷಸಿ ಬಾಳೆಕಂಬ ಹಿಡಿದು ಕಲ್ಲಿನಂತೆ ನಿಂತಿತ್ತು. "ಕುಣಿಲೇ ರಾಕ್ಷಸಿ! ಏನ್ ಗರ ಬಡದೈತಿ ನಿನಗ?" ಎಂದು ಜನ ಕೂಗುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ. ದೂರದಲ್ಲಿ ಹಿರಿಯ ಮಗ ಕಣ್ಣು ಒರೆಸಿಕೊಳ್ಳುತ್ತ ಜನರನ್ನು ತಳ್ಳಿಕೊಂಡು ಬರುತ್ತಿದ್ದ. ಆಗ ಆ ಹುಡುಗಿ ಕಂಬ ಬಿಟ್ಟಳು. ಕೈ ಮೇಲೆತ್ತಿದಳು. ಕುಣಿದಳು. ಎಷ್ಟೋ ದಿನ ಅನ್ನ ಮುಟ್ಟದ ಮೈ ಅದು. ಕಾಲು ತೊಡರಿ ಬಿದ್ದು ಎದ್ದು ಮತ್ತೆ ಕುಣಿದಳು. ಜನ ಸೀಟಿ ಹೊಡೆಯುತ್ತ ಬಂಡಿಗೆ ಮುತ್ತಿಕೊಂಡರು. ಆ ಗದ್ದಲವನ್ನು ಸೀಳಿ ಬರಲು ಹಿರಿಯ ಮಗನಿಗೆ ಆಗಲಿಲ್ಲ.

ಪೇಟೆ ದಾಟಿದ್ದೇ ಸಾಲು ಬಿಟ್ಟು ಗಾಡಿಯನ್ನು ಅಡರಕಟ್ಟಿಯ ದಾರಿಗೆ ತಿರುಗಿಸಿದೆ. ಅಲ್ಲಿ ಅತ್ತಿಯ ತಂಗಿಯ ಮನೆ. ಅಂಗಳದಲ್ಲಿ ಅವಳು ಮುಖವಾಡ ತೆಗೆದಾಗ ನಾನು ಗುರುತು ಹಿಡಿಯದಷ್ಟು ಬತ್ತಿದ್ದಳು. ಒಂದು ಗುಟುಕು ಹಾಲು ಕುಡಿದು ಮೊದಲು ಕೇಳಿದ್ದು, "ಅವ್ವ?"

ಒಳಗೆ ನಡೆದದ್ದನ್ನು ಅವಳೇ ಹೇಳಿದಳು. ಅವ್ವ ಕೋಣೆಗೆ ನುಗ್ಗಿ ನಿಲುವಂಗಿ ಬಿಚ್ಚಿ ತೊಡಿಸಿದಳು. ಇವಳಿಗೆ ಅಳು ತಡೆಯಲಿಲ್ಲ. "ಅಳಬ್ಯಾಡ. ಕಾಗದದ ಮುಖವಾಡ, ಹಸಿಯಾದ್ರ ಹರೀತೈತಿ" ಎಂದಳಂತೆ. ಆಗ ನಾದಿನಿ ಬಾಗಿಲಲ್ಲಿ ಬಂದು ನಿಂತಳು. ಯಾರ ಮದುವೆಗಾಗಿ ಇವಳನ್ನು ಕೂಡಿ ಹಾಕಿದ್ದರೋ ಆ ಹುಡುಗಿ. ನಾದಿನಿ ಕೂಗಲಿಲ್ಲ. "ಜಲ್ದಿ ಹೋಗ್ರಿ ವೈನಿ" ಎಂದಷ್ಟೇ ಹೇಳಿ, ಇವಳು ಹೊರಬಂದ ಮೇಲೆ ಅವ್ವ ಒಳಗಿದ್ದಂತೆಯೇ ತಾನೇ ಚಿಲಕ ಹಾಕಿದಳು.

ಸಂಜೆ ಹಿರಿಯ ಮಗ ಹಿಂದಿರುಗಿ ಕೋಣೆಯ ಬಾಗಿಲು ತೆರೆದಾಗ ಅತ್ತಿ ಚಾಪೆಯ ಮೇಲೆ ಕುಳಿತಿದ್ದಳಂತೆ. ನೆಂಟರು ಇನ್ನೂ ಪಡಸಾಲೆಯಲ್ಲಿದ್ದರು. "ಮಗಳನ್ನ ನಾ ಕರಕೊಂಡು ಹೋಗೀನಿ. ಕೂಗ್ತೀರೇನು, ಕೂಗ್ರಿ" ಎಂದಳಂತೆ. ಯಾರೂ ಕೂಗಲಿಲ್ಲ. ಅವಳು ಮುಂಬಾಗಿಲಿನಿಂದಲೇ ನಡೆದು ಬಂದಳು.

ಮಾತು ಊರಲ್ಲಿ ಹಬ್ಬದೆ ಉಳಿಯಲಿಲ್ಲ. ಹೆಂಗಸು ಬಂಡಿ ಹತ್ತಿ ಸೋಗಿನ ಕಟ್ಟಳೆ ಕೆಡಿಸಿದಳೆಂದು ಹಿರಿಯರು ಸಿಟ್ಟಾದರು. ಮರುವರ್ಷ ಮುಖವಾಡ ಮಾಡಲು ಯಾರೂ ಅವಳನ್ನು ಕರೆಯಲಿಲ್ಲ. ಹೊಲಿಗೆಯೂ ಕಡಿಮೆಯಾಯಿತು. ತಾಯಿ ಮಗಳು ಮುಂಡರಗಿಗೆ ಹೋಗಿ ನೆಲೆ ನಿಂತರು. ನಾದಿನಿಯ ಮದುವೆ ನಿಲ್ಲಲಿಲ್ಲ, ಗೊತ್ತಾದ ದಿನವೇ ಆಯಿತು.

ಹೋದ ವರ್ಷ ಅತ್ತಿಗೆ ಹುಷಾರಿಲ್ಲವೆಂದು ಕೇಳಿ ಮುಂಡರಗಿಗೆ ಹೋದೆ. ಮಗಳು ಹೊಲಿಗೆ ಕಲಿಸುವ ಶಾಲೆ ನಡೆಸುತ್ತಿದ್ದಾಳೆ. ಒಳಗೆ ಯಂತ್ರಗಳ ಸದ್ದು, ಹುಡುಗಿಯರ ನಗು. ಅತ್ತಿ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಮಗಳು ಮೆಲ್ಲಗೆ, "ಒಮ್ಮೊಮ್ಮೆ ಯಾರ ಗುರುತೂ ಸಿಗಂಗಿಲ್ಲರೀ ಅಣ್ಣಾ, ನನ್ನದೂ" ಎಂದಳು.

ನಾನು ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತು ಮುಖ ನೋಡಿದ ಅತ್ತಿ ತಟ್ಟನೆ ನನ್ನ ಕೈ ಹಿಡಿದಳು. ಕಣ್ಣಲ್ಲಿ ಗಾಬರಿ. ಬಾಗಿಲ ಕಡೆ ನೋಡಿ, ಯಾರಿಗೂ ಕೇಳದಂತೆ ಪಿಸುಗುಟ್ಟಿದಳು.

"ತಮ್ಮಾ... ಹುಡುಗಿ ಹತ್ತಿದ್ಲೇನು?"

ಅವಳು ಇನ್ನೂ ಆ ಚಿಲಕದ ಹಿಂದೆಯೇ ಕುಳಿತಿದ್ದಳು.

"ಹತ್ತಿದ್ಲಬೇ ಅತ್ತಿ" ಎಂದೆ. "ಪೇಟಿ ದಾಟಿದ್ವಿ. ಅಡರಕಟ್ಟಿ ಮುಟ್ಟಿದ್ವಿ."

"ಖರೆ?"

"ಖರೆ."

ಹಿಡಿತ ಸಡಿಲಾಯಿತು. ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಮಳೆಗಾಲದಲ್ಲಿ ಅತ್ತಿ ತೀರಿಕೊಂಡಳು. ಗೋಡೆಯ ಆಚೆಗಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರು. ಅವರ ಮನೆಯಿಂದ ಟಿವಿಯ ಸದ್ದು ಕೇಳುತ್ತದೆ. ಯಂತ್ರದ ಸದ್ದಿಲ್ಲ.