ಗೋಡೆಯ ಮೇಲಿನ ಬಾಚಣಿಗೆ

ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸತು. ಎಪ್ಪತ್ತರ ದಶಕದ ಮಾತು. ನನ್ನ ಗಂಡನ ಗೆಳೆಯರೊಬ್ಬರು ಕಾರ್ಖಾನೆಯ ಕೆಲಸದ ಮೇಲೆ ಹಾಲೆಂಡಿಗೆ ಹೋಗಿ ಬಂದಿದ್ದರು. ರಾಜಾಜಿನಗರದ ತಮ್ಮ ಮನೆಗೆ ನಮ್ಮನ್ನು ಊಟಕ್ಕೆ ಕರೆದರು. ವಿಜಯನಗರದಿಂದ ಸ್ಕೂಟರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಖಾಲಿ ಸೈಟುಗಳು, ಗಾಳಿ, ಕೆಂಧೂಳು. ಇಳಿಯುವ ಹೊತ್ತಿಗೆ ನನ್ನ ತಲೆ ಗುಬ್ಬಿಗೂಡಾಗಿತ್ತು.

ಗಂಡಸರು ವರಾಂಡದಲ್ಲೇ ಮಾತಿಗೆ ನಿಂತರು. ಗೆಳೆಯರ ಹೆಂಡತಿ, "ಒಳಗೆ ಕೂತ್ಕೊಳ್ಳಿ, ಒಗ್ಗರಣೆ ಹಾಕ್ಬಿಟ್ಟು ಬಂದೆ" ಎಂದು ಅಡುಗೆಮನೆಗೆ ಹೋದರು. ಹಾಲಿನ ಗೋಡೆಯಲ್ಲಿ ಮರದ ಹಲಗೆಯೊಂದಿತ್ತು. ಅದಕ್ಕೆ ಅಡ್ಡಡ್ಡ ಹೊಡೆದ ಕೆಂಪು ಪಟ್ಟಿಗಳಲ್ಲಿ ಮಡಿಸಿದ ಕಾಗದಗಳು, ಒಂದು ಕತ್ತರಿ, ಒಂದು ಬಾಚಣಿಗೆ ಸಿಕ್ಕಿಸಿದ್ದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಬಾಚಣಿಗೆಗೆ ಕೈ ಹಾಕಿದೆ. ಉಗುರು ಜಾರಿತು. ಪಟ್ಟಿ ಬಿಗಿಯಾಗಿದೆಯೆಂದು ಮತ್ತೊಮ್ಮೆ ಕೆರೆದೆ.

ಬಾಗಿಲ ಕಡೆಯಿಂದ ನಗು ಸಿಡಿಯಿತು.

"ನೋಡೋ, ಅತ್ತಿಗೇನೂ ಏಮಾರಿದ್ರು!" ಎಂದರು ಗೆಳೆಯರು. "ಅದು ಪೇಂಟಿಂಗು ಅತ್ತಿಗೆ. ಮುನ್ನೂರು ವರ್ಷದ ಹಿಂದೆ ಅಲ್ಲಿನ ಒಬ್ಬ ಕಲಾವಿದ ಕಣ್ಣಿಗೆ ಮೋಸ ಆಗ್ಲಿ ಅಂತಾನೇ ಬರೆದಿದ್ದು. ಅದರ ಪ್ರಿಂಟ್ ತಂದು ಹಲಗೆಗೆ ಅಂಟಿಸಿದೀನಿ."

ನೆರಳನ್ನೂ ಬಿಡದೆ ಬರೆದಿದ್ದ ಪುಣ್ಯಾತ್ಮ. ನನ್ನ ಗಂಡ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಏಮಾರಿದ್ದಕ್ಕಿಂತ, ಕೇಳದೆ ಇನ್ನೊಬ್ಬರ ಬಾಚಣಿಗೆಗೆ ಕೈ ಹಾಕಿದ್ದು ಬಯಲಾಯಿತಲ್ಲ ಎಂದು ಭೂಮಿಗಿಳಿದು ಹೋದೆ. ಗೆಳೆಯರ ಹೆಂಡತಿ ನನ್ನನ್ನು ಕೋಣೆಗೆ ಕರೆದೊಯ್ದು ತಮ್ಮ ಬಾಚಣಿಗೆ ಕೊಟ್ಟರು. "ನಾನೂ ದಾರ ಕತ್ತರಿಸೋಕೆ ಆ ಕತ್ತರಿ ತೆಗೆಯೋಕೆ ಹೋಗಿದ್ದೆ ಕಣ್ರೀ. ಇವರಿಗೆ ಇವತ್ತಿಗೂ ಹೇಳಿಲ್ಲ" ಎಂದು ಪಿಸುಗುಟ್ಟಿದರು.

ಯುಗಾದಿಗೆ ದಾವಣಗೆರೆಯ ತವರಿಗೆ ಹೋದಾಗ ನನ್ನವರು ಎಲ್ಲರೆದುರು ಆ ಕಥೆ ಹೇಳಿದರು. ನಾನು ಗೋಡೆ ಕೆರೆದದ್ದನ್ನು ಎದ್ದುನಿಂತು ಅಭಿನಯಿಸಿದರು. ತಮ್ಮಂದಿರು ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು, "ನಾವು ಆಕಿನ್ನ ಹಂಗ ಬೆಳೆಸಿಲ್ಲರಿ. ತಪ್ಪಾತು, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ಅಳಿಯನಿಗೆ ಕೈ ಮುಗಿದಳು. ನಗು ಅಲ್ಲಿಗೇ ನಿಂತಿತು. ನಾನು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮರಳುವಾಗ ಬಸ್ಸಿನಲ್ಲಿ ಹೇಳಿದೆ: "ನಮ್ಮವ್ವ ನಿಮಗೆ ಕೈ ಮುಗಿಯೋ ಹಂಗ ಮಾಡಿದ್ರಿ."

"ಇನ್ ಹೇಳಲ್ಲ ಬಿಡು" ಎಂದರು ಅವರು. ಹೇಳಲೂ ಇಲ್ಲ. ಒಂದೆರಡು ಸಲ ಆ ಗೆಳೆಯರೇ ಶುರುಮಾಡಿದಾಗ ಇವರೇ ಮಾತು ತಿರುಗಿಸಿದರು. ಅವ್ವ ಮಾತ್ರ ಆ ಯುಗಾದಿಯಿಂದ ಕೊನೆಯವರೆಗೂ ಅಳಿಯನೆದುರು ಕೂರಲು ಹಿಂಜರಿಯುತ್ತಿದ್ದಳು.